ಟೀಚರಮ್ಮ ಮುಟ್ಟಿದ ಹಂದರಗಂಬ

ಮೆಲಾಕಾದ ನಮ್ಮ ಕಡೆ ಯಾರ ಮನೆಯಲ್ಲಿ ಮದುವೆಯಾಗಲಿ, ಸತ್ತವರ ಹದಿನಾರನೇ ದಿನವಾಗಲಿ, ರಾಜಕೀಯದವರ ಭಾಷಣವಾಗಲಿ, ಮೊದಲು ಫೋನ್ ಬರುವುದು ನನಗೆ. ಆಮೇಲೆ ಅಡುಗೆಯವರಿಗೆ, ಆಮೇಲೆ ಪೂಜಾರಿಗೋ ಮಂತ್ರಿಗೋ. ಕುರ್ಚಿ, ಮೇಜು, ಫ್ಯಾನು, ಕಬ್ಬಿಣದ ಕೊಳವೆ ನಿಲ್ಲಿಸಿ ಮೇಲೆ ಬಿಳಿ ಹೊದಿಕೆ ಎಳೆದ ಹಂದರ, ಇದೇ ನನ್ನ ಕಸುಬು. ಇಲ್ಲಿಯವರು ಅದಕ್ಕೆ ಕ್ಯಾನೊಪಿ ಅನ್ನುತ್ತಾರೆ. ನನ್ನ ಹೆಂಡತಿ ಇಲ್ಲೇ ಹುಟ್ಟಿದ ತಮಿಳರವಳು, ಪಂದಲ್ ಅನ್ನುತ್ತಾಳೆ. ಮಗಳಿಗೆ ಅದು ಟೆಂಟು. ನಾನು ಹಾವೇರಿ ಸೀಮೆಯವನು, ನನಗದು ಹಂದರವೇ. ಏಳನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಗಳ ಹೊತ್ತವನು ನಾನು. ಜಂಬ ಅಂದರೂ ಅನ್ನಿ, ನಾನು ನಿಲ್ಲಿಸಿದ ಹಂದರ ಈವರೆಗೆ ಗಾಳಿಗೆ ಬಿದ್ದಿಲ್ಲ.

ಅಪ್ಪ ನನಗೆ ಹೆಚ್ಚು ಮಾತು ಹೇಳಿದವನಲ್ಲ. ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಸಮುದ್ರ ದಾಟಿ ನನ್ನ ಜೊತೆ ಬಂತು. "ಮೊದಲ್ನೇ ಕಂಬ ಬರೇ ಕಂಬ ಅಲ್ಲಲೇ, ಅದು ಹಂದರಗಂಬ. ಅರಿಷಿಣ ಕುಂಕುಮ ಹಚ್ಚಿ, ಮಾವಿನ ತೊಪ್ಪಲ ಕಟ್ಟಿ, ಮನಿ ಹಿರೇರ ಕೈ ಮುಟ್ಟಿಸಿ ನಿಲ್ಲಸಬೇಕು. ನಿಲ್ಲಿಸಿದ ಮ್ಯಾಲೆ ಕಾರ್ಯ ಮುಗಿಯೂತನಕ ಕೀಳಬಾರದು."

ಇಲ್ಲಿ ಬಂದ ಮೇಲೆ ಗಳದ ಬದಲು ಕಬ್ಬಿಣ ಬಂತು, ಹುರಿಯ ಬದಲು ಬೋಲ್ಟು ಬಂತು. ಅರಿಶಿನ ಮಾತ್ರ ಹೋಗಲಿಲ್ಲ. ನಮ್ಮವರ ಮನೆ ಕಾರ್ಯವಾದರೆ ಎಲ್ಲರ ಕಣ್ಣೆದುರಿಗೇ ಹಚ್ಚುತ್ತೇನೆ. ಮಲಾಯ್ ಮನೆಯ ಮದುವೆ, ಚೀನಿಯರ ಮನೆಯ ಸಾವು ಅಂದರೆ, ನನ್ನ ಪದ್ಧತಿ ಇನ್ನೊಬ್ಬರ ತಲೆಗೆ ಕಟ್ಟಬಾರದಲ್ಲ, ಎರಡು ಕೊಳವೆ ಒಂದರೊಳಗೊಂದು ಕೂಡುವ ಕಡೆ, ಒಳಮೈಗೆ, ಯಾರಿಗೂ ಕಾಣದ ಹಾಗೆ ಒಂದು ಚಿಟಿಕೆ ಸವರಿ ಜೋಡಿಸಿಬಿಡುತ್ತೇನೆ. ಅವರ ಕಾರ್ಯವೂ ಸುಸೂತ್ರ, ನನ್ನ ಮನಸ್ಸೂ ಸುಸೂತ್ರ.

ಇನ್ನು ಟೀಚರಮ್ಮನ ವಿಷಯ.

ನಾನು ಈ ದೇಶಕ್ಕೆ ಬಂದದ್ದು ಹೋಟೆಲಿನಲ್ಲಿ ತಟ್ಟೆ ತೊಳೆಯಲು. ಕೆಲವು ವರ್ಷ ತೊಳೆದು, ಬಿಡುವಿನಲ್ಲಿ ಒಬ್ಬ ಚೀನಿ ಮುದುಕನ ಕ್ಯಾನೊಪಿ ಲಾರಿಗೆ ಕುರ್ಚಿ ಹೇರಿ, ಕೊನೆಗೆ ಅವನ ಹಳೆಯ ಕೊಳವೆಗಳನ್ನೇ ಕೊಂಡು ಸ್ವಂತ ಶುರು ಮಾಡಿದೆ. ಶುರು ಮಾಡಿದೆನೇನೋ ಸರಿ, ಇಡುವುದೆಲ್ಲಿ? ನಾನಿದ್ದದ್ದು ಫ್ಲ್ಯಾಟಿನ ಮೇಲಿನ ಮಹಡಿಯ ಒಂದು ಕೋಣೆಯಲ್ಲಿ. ಕೊಳವೆಗಳನ್ನು ಕಟ್ಟಡದ ಹಿಂದೆ ಚರಂಡಿ ಪಕ್ಕ ಒಟ್ಟಿದ್ದೆ. ಮುನಿಸಿಪಾಲಿಟಿಯವರು ಬಂದು, ಇನ್ನೊಮ್ಮೆ ಕಂಡರೆ ಲಾರಿಗೆ ಹಾಕಿಕೊಂಡು ಹೋಗುತ್ತೇವೆ ಅಂದಿದ್ದರು.

ಆಗ ಸಿಕ್ಕ ಕೆಲಸ ಒಂದು ಹದಿನಾರನೇ ದಿನದ ಹಂದರ. ತಮಿಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಹೆಂಗಸಿನ ಗಂಡ ತೀರಿಕೊಂಡಿದ್ದರು. ಕಾರ್ಯ ಮುಗಿಯಿತು, ನೆಂಟರು ಹೋದರು, ನಾನು ಮಾತ್ರ ಒಂದು ಬೋಲ್ಟು ಬಿಚ್ಚುವುದು, ನೀರು ಕುಡಿಯುವುದು, ಮತ್ತೊಂದು ಬೋಲ್ಟು ಬಿಚ್ಚುವುದು. ಆಕೆ ಬಾಗಿಲಲ್ಲಿ ನಿಂತು ನೋಡಿ, "ಏನು ತಂಬಿ, ಕಂಬ ಕೀಳೋಕೆ ಮನಸ್ಸಿಲ್ಲವಾ?" ಅಂದರು.

"ಮನಸ್ಸಿದೆ ಅಮ್ಮ, ಜಾಗ ಇಲ್ಲ" ಅಂದೆ.

ಆಕೆ ತಮ್ಮ ಮನೆಯ ಪೋರ್ಚು ನೋಡಿದರು. ಅಲ್ಲಿ ಗಂಡನ ನೀಲಿ ಕಾರು ನಿಂತಿತ್ತು. ಒಳಗೆ ಹೋಗಿ ಕೀಲಿ ತಂದು, ಕಾರನ್ನು ತಾವೇ ಹಿಂದಕ್ಕೆ ತೆಗೆದು ರಸ್ತೆ ಬದಿಗೆ ನಿಲ್ಲಿಸಿದರು. "ಇಡು" ಅಂದರು. ಅಷ್ಟೇ.

ಎರಡು ವರ್ಷಕ್ಕೂ ಮಿಕ್ಕಿ ನನ್ನ ಕೊಳವೆಗಳು ಆ ಪೋರ್ಚಿನಲ್ಲಿ ನೆರಳಲ್ಲಿದ್ದವು, ಅವರ ಕಾರು ಮೆಲಾಕಾದ ಬಿಸಿಲಲ್ಲಿತ್ತು. ನೀಲಿ ಬಣ್ಣ ಮೇಲ್ಗಡೆ ಬೆಳ್ಳಗಾಗಿ, ಅಲ್ಲಲ್ಲಿ ಹಪ್ಪಳದ ಹಾಗೆ ಎದ್ದಿತು. ಆಕೆ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅವರ ಅಂಗಳದಲ್ಲಿ ಒಂದು ಮಾವಿನ ಮರ. ಅವತ್ತಿನಿಂದ ಇವತ್ತಿನವರೆಗೆ ನನ್ನ ಹಂದರಗಂಬಗಳಿಗೆ ಆ ಮರದ್ದೇ ತೊಪ್ಪಲು. ಆಮೇಲೆ ನಾನು ದೊಡ್ಡ ಶೆಡ್ಡು ಮಾಡಿದೆ, ಲಾರಿ ಮಾಡಿದೆ, ಮದುವೆ ಮಾಡಿಕೊಂಡೆ. ದುಡಿಮೆ ನನ್ನದೇ, ಅದನ್ನು ಯಾರ ಮುಂದೂ ಎದೆಯೆತ್ತಿ ಹೇಳುತ್ತೇನೆ. ಆದರೆ ನಿಲ್ಲಲು ಮೊದಲ ನೆಲ ಕೊಟ್ಟವರು ಆಕೆ.

ಟೀಚರಮ್ಮ ನಿವೃತ್ತರಾದ ಮೇಲೆ ಒಂದು ಪಕ್ಷ ಸೇರಿದರು. ಚರಂಡಿ ಕಟ್ಟಿತು, ಶಾಲೆಯ ಬಸ್ಸು ನಿಂತಿತು, ಹುಟ್ಟಿದ್ದು ಇಲ್ಲೇ ಆದರೂ ಗುರುತಿನ ಚೀಟಿ ಸಿಕ್ಕಿಲ್ಲ, ಹೀಗೆ ಏನೇ ಇದ್ದರೂ ಜನ ಅವರ ಮನೆ ಗೇಟಿಗೇ ಬರುತ್ತಿದ್ದರು. ಅವರು ಕೊಡೆ ಹಿಡಿದು ಕಚೇರಿಗೆ ನಡೆಯುತ್ತಿದ್ದರು.

ನಮ್ಮ ಊರಿನ ಹಾಗೆಯೇ ಇಲ್ಲೂ ರಾಜ್ಯದ ಗವರ್ನರನ್ನು ಜನ ಆರಿಸುವುದಿಲ್ಲ. ಆರಿಸುವುದು ರಾಜ್ಯದ ಶಾಸಕರನ್ನು. ಶಾಸಕರ ಕುರ್ಚಿಗೆ ಯಾರು ನಿಲ್ಲಬೇಕು ಅನ್ನುವುದು ಸಾಮಾನ್ಯವಾಗಿ ಕೌಲಾಲಂಪುರದ ಪಕ್ಷದ ಕಚೇರಿಯಿಂದ ಹೆಸರಾಗಿ ಬರುತ್ತದೆ, ಕೆಳಗಿನವರು ಚಪ್ಪಾಳೆ ತಟ್ಟುತ್ತಾರೆ. ಈ ಸಲ ಟೀಚರಮ್ಮನ ಪಕ್ಷದವರು, ನಮ್ಮ ಕ್ಷೇತ್ರದಲ್ಲಿ ಒಂದು ಹೊಸದನ್ನು ನೋಡೋಣ, ಅಭ್ಯರ್ಥಿ ಯಾರು ಅಂತ ಸದಸ್ಯರೇ ಓಟು ಹಾಕಿ ಹೇಳಲಿ ಅಂದರು. ನಿಂತವರು ಇಬ್ಬರು. ಒಬ್ಬರು ಟೀಚರಮ್ಮ. ಇನ್ನೊಬ್ಬರು ಲಾರಿ ಕಂಪನಿಯ ಯಜಮಾನರು. ಅವರಿಗೆ ಸರ್ಕಾರ ದಾತುಕ್ ಅನ್ನುವ ಬಿರುದು ಕೊಟ್ಟಿದೆ, ಹಾಗಾಗಿ ಹೆಂಡತಿಯೂ ಅವರನ್ನು ದಾತುಕ್ ಅಂತಲೇ ಕರೆಯುತ್ತಾಳೆ ಅಂತ ಜನ ನಗುತ್ತಾರೆ. ಕೆಟ್ಟವರಲ್ಲ. ದೇವಸ್ಥಾನಕ್ಕೆ ಕೈಬಿಚ್ಚಿ ಕೊಡುತ್ತಾರೆ. ಅವರ ಮಗಳ ಮದುವೆ ನಡೆದದ್ದೂ ನನ್ನ ಹಂದರದಲ್ಲೇ. ಆದ್ದರಿಂದ ಓಟಿನ ದಿನದ ಹಂದರ ಯಾರಿಗೆ ಕೊಡುವುದು ಅಂದಾಗ ಎರಡೂ ಕಡೆಯವರು ನನ್ನ ಹೆಸರನ್ನೇ ಹೇಳಿದರಂತೆ. ಅವತ್ತು ಒಮ್ಮತವಾದದ್ದು ಅದೊಂದೇ ವಿಷಯದಲ್ಲಿ.

ನನಗೆ ಇಲ್ಲಿ ಓಟಿಲ್ಲ. ಇರಲು ಪರವಾನಗಿ ಇದೆ, ಕೆಂಪು ಗುರುತಿನ ಚೀಟಿ ಇದೆ, ಓಟಿಲ್ಲ. ಹಿಂದಿನ ದಿನ ನಾನು ಎರಡೆರಡು ಸಲ ಬೋಲ್ಟು ಪರೀಕ್ಷಿಸುವುದನ್ನು ನೋಡಿ ಮಗಳು, "ಅಪ್ಪಾ, ಯು ಕಾಂಟ್ ಈವನ್ ವೋಟ್. ವೈ ಸೋ ಟೆನ್ಸ್ ಲಾ?" ಅಂದಳು.

"ಓಟಿಲ್ಲದವನು ಕುರ್ಚಿಯಾದರೂ ನೆಟ್ಟಗೆ ಹಾಕಬೇಕವ್ವ" ಅಂದೆ.

ಭಾನುವಾರ ಬೆಳಿಗ್ಗೆ ಸಮುದಾಯ ಭವನದ ಮುಂದಿನ ಬಯಲಿಗೆ ಲಾರಿ ತಂದೆ. ಓಟು ಭವನದ ಒಳಗೆ, ಸರದಿಗೆ ಕಾಯುವವರು ಹೊರಗೆ ಹಂದರದಲ್ಲಿ. ಮೊದಲ ಕಂಬ ಮಲಗಿಸಿ, ತೊಪ್ಪಲು ಕಟ್ಟಿ, ಬಟ್ಟಲಲ್ಲಿ ಅರಿಶಿನ ಕಲಸಿಕೊಂಡೆ. ಮನೆಯ ಹಿರಿಯರು ಮುಟ್ಟಬೇಕು. ಆದರೆ ಪಕ್ಷಕ್ಕೆ ಮನೆ ಎಲ್ಲಿ, ಹಿರಿಯರು ಯಾರು ಅಂತ ಯೋಚಿಸುತ್ತಾ ನಿಂತಿದ್ದೆ. ಅಷ್ಟರಲ್ಲಿ ಟೀಚರಮ್ಮ ಕೊಡೆ ಹಿಡಿದು ಬಂದರು, ವಯಸ್ಸಾದವರ ಕುರ್ಚಿ ಫ್ಯಾನಿನ ಹತ್ತಿರ ಬರುತ್ತದೋ ಇಲ್ಲವೋ ನೋಡಲು.

"ಟೀಚರಮ್ಮ, ಒಂದು ಕೈ ಹಚ್ಚಿ" ಅಂದೆ.

ಅವರು ಚಾಚಿದ ಕೈಯನ್ನು ಅರಿಶಿನದ ಬಟ್ಟಲು ನೋಡಿ ಹಿಂದಕ್ಕೆ ತೆಗೆದುಕೊಂಡರು. "ನಾನಾ? ಬೇಡ ತಂಬಿ. ನಾನು ಮುಟ್ಟಬಾರದು. ಬೇರೆ ಯಾರನ್ನಾದರೂ ಕರಿ."

ಯಾಕೆ ಅಂತ ನನಗೆ ತಿಳಿಯಿತು. ಗಂಡ ಹೋದವರ ಕೈಯನ್ನು ಇಂಥದ್ದಕ್ಕೆ ಯಾರೂ ಕರೆಯುವುದಿಲ್ಲ, ನಮ್ಮಲ್ಲೂ ಇಲ್ಲ, ಇವರಲ್ಲೂ ಇಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. "ಹಿರಿಯರು ಅಂದರೆ ಹಿರಿಯರು ಅಮ್ಮ. ನಮ್ಮಪ್ಪ ಹಿರಿಯರು ಅಂದಿದ್ದ, ಬೇರೆ ಏನೂ ಸೇರಿಸಿರಲಿಲ್ಲ. ನೀವು ಮುಟ್ಟದಿದ್ದರೆ ನಾನು ನಿಲ್ಲಿಸುವುದಿಲ್ಲ."

ಅವರು ಸುತ್ತ ನೋಡಿದರು. ಆಮೇಲೆ ಬಟ್ಟಲಿಗೆ ಬೆರಳದ್ದಿ ಕಂಬಕ್ಕೆ ಸವರಿದರು. ಸವರಿ ಕೈ ಒರೆಸಿಕೊಳ್ಳದೆ ಹಾಗೇ ನಿಂತರು. ನಾನು ಕಂಬ ಎತ್ತಿದೆ. ನನ್ನ ಕಣ್ಣಿಗೆ ಅವರು ಪೋರ್ಚು ಕೊಟ್ಟ ತಾಯಿ, ಅಷ್ಟೇ ಕಂಡದ್ದು. ಇವತ್ತು ಅವರು ಇಬ್ಬರಲ್ಲಿ ಒಬ್ಬ ಅಭ್ಯರ್ಥಿ ಅನ್ನುವುದು ನನ್ನ ತಲೆಯಲ್ಲಿ ಇರಲೇ ಇಲ್ಲ.

ಯಾರೋ ಫೋಟೋ ಹೊಡೆದಿದ್ದರು. ಎರಡನೇ ಸಾಲಿನ ಕುರ್ಚಿ ಹಾಕುವುದರೊಳಗೆ ಅದು ಎಲ್ಲರ ವಾಟ್ಸಾಪಿಗೆ ಹೋಗಿತ್ತು.

ಜನ ಸೇರುವ ಹೊತ್ತಿಗೆ ದಾತುಕ್ ಕಡೆಯ ಒಬ್ಬ, ಟಯರ್ ಅಂಗಡಿಯವನು, ದೊಡ್ಡ ಗಂಟಲು, ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಿಂತ. "ಏನಣ್ಣೆ, ಯಾರ ಮದುವೆ? ಪಂದಕ್ಕಾಲ್ ನೆಟ್ಟಾಯಿತು, ಹೆಣ್ಣು ಯಾರು ಅಂತ ವಾಟ್ಸಾಪಲ್ಲಿ ಬಂತು. ನಾವು ಸುಮ್ಮನೆ ಬಿರಿಯಾನಿ ತಿಂದು ಮುಯ್ಯಿ ಬರೆಸಿ ಹೋಗುವುದಾ?"

ಎಲ್ಲರೂ ನಕ್ಕರು. ನಮ್ಮ ಹಂದರಗಂಬವೇ ತಮಿಳರ ಪಂದಕ್ಕಾಲ್. ಅದನ್ನು ಯಾರ ಕೈಯಿಂದ ನೆಡಿಸಿದರೋ ಕಾರ್ಯ ಅವರದು ಅನ್ನುವುದು ಅಲ್ಲಿದ್ದ ಎಲ್ಲ ತಮಿಳರಿಗೂ ಗೊತ್ತು. ನನಗೂ ಗೊತ್ತು. ಟೀಚರಮ್ಮ ಅಭ್ಯರ್ಥಿ ಅನ್ನುವುದು ಆಗ ನೆನಪಿಗೆ ಬಂತು.

"ಈ ಮಾವಿನೆಲೆ ಎಲ್ಲಿಯದು ಅಣ್ಣೆ?" ಅಂತ ಟಯರಿನವನು ಕೇಳಿದ.

ಸುಳ್ಳು ಹೇಳಿ ನನಗೆ ರೂಢಿಯಿಲ್ಲ. "ಟೀಚರಮ್ಮನ ಮನೆಯದು."

"ಕೇಳಿದಿರಾ! ಎಲೆಯೂ ಹೆಣ್ಣಿನ ಮನೆಯದೇ!"

ಈ ಸಲ ನಕ್ಕವರು ಒಂದೇ ಕಡೆಯವರು.

ಓಟು ನಡೆಸಲು ಕೌಲಾಲಂಪುರದಿಂದ ಒಬ್ಬ ಚೀನಿ ಹುಡುಗಿ ಬಂದಿದ್ದಳು, ಕೊರಳಲ್ಲಿ ಪಕ್ಷದ ಕಾರ್ಡು. ಗದ್ದಲ ಕೇಳಿ ಹೊರಗೆ ಬಂದಳು. ಮೂರು ಜನ ಮೂರು ಭಾಷೆಯಲ್ಲಿ ಅವಳಿಗೆ ವಿವರಿಸಿದರು. ಅವಳು ಕಂಬವನ್ನೇ ನೋಡುತ್ತಾ, "ಹಾಗಾದರೆ ಇದು ಪ್ರಚಾರ ಸಾಮಗ್ರಿಯಾ?" ಅಂದಳು.

"ಇದು ಕಂಬ ಲಾ" ಅಂದರು ಮುಂದಿನ ಸಾಲಿನಲ್ಲಿದ್ದ ಮಲಾಯ್ ಹಿರಿಯರೊಬ್ಬರು. ಎಲ್ಲರೂ ಅವರನ್ನು ಪಾಕ್ ಚಿಕ್, ಅಂದರೆ ಚಿಕ್ಕಪ್ಪ ಅಂತ ಕರೆಯುತ್ತಾರೆ.

ಹುಡುಗಿ ನನ್ನ ಕಡೆ ತಿರುಗಿದಳು. "ಬಾಸ್, ಇದೊಂದನ್ನು ತೆಗೆದು ಬೇರೆ ಹಾಕಿಬಿಡಿ. ಮುಗಿಯಿತು."

"ಆಗುವುದಿಲ್ಲ" ಅಂದೆ. "ಕಾರ್ಯ ಮುಗಿಯುವವರೆಗೆ ಈ ಕಂಬ ಕೀಳುವುದಿಲ್ಲ."

"ಕಿತ್ತುಬಿಡು ತಂಬಿ" ಅಂದರು ಟೀಚರಮ್ಮ ಮೆಲ್ಲಗೆ. "ಒಂದು ಕಂಬ ತಾನೆ."

ಅವರು ಹೇಳಿದರೂ ನನ್ನ ಕೈ ಏಳಲಿಲ್ಲ. ಹಟ ಅಂದರೆ ಹಟ. ಆದರೆ ಅಪ್ಪನ ಮಾತು ಒಂದು ಕಡೆ, ಆಕೆ ಮುಟ್ಟಿದ ಕಂಬವನ್ನು ಎಲ್ಲರ ಮುಂದೆ, ಮುಟ್ಟಬಾರದವರು ಮುಟ್ಟಿದರು ಅನ್ನುವ ಹಾಗೆ ಕಿತ್ತು ಬಿಸಾಡುವುದು ಇನ್ನೊಂದು ಕಡೆ. ಎರಡನೆಯದು ನನ್ನಿಂದ ಸಾಧ್ಯವೇ ಇರಲಿಲ್ಲ.

ಹುಡುಗಿ ನಿಟ್ಟುಸಿರು ಬಿಟ್ಟು ಹೇಳಿದಳು, ಈ ಜಾಗ ಸರಿಯಿದೆ ಅಂತ ಇಬ್ಬರು ಅಭ್ಯರ್ಥಿಗಳೂ ಒಪ್ಪದಿದ್ದರೆ ಇವತ್ತು ಓಟಿಲ್ಲ, ತಾನು ವಾಪಸ್ ಹೋಗಿ ಮೇಲಿನವರಿಗೆ ತಿಳಿಸುತ್ತೇನೆ ಅಂತ. ಅದರ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮತ್ತೆ ಮೇಲಿನಿಂದಲೇ ಹೆಸರು ಬರುತ್ತದೆ. ಮೇಲಿನವರಿಗೆ ದಾತುಕ್ ಗೊತ್ತು, ಇನ್ನೂ ನಾಲ್ಕು ದಾತುಕ್‌ಗಳು ಗೊತ್ತು. ಕೊಡೆ ಹಿಡಿದು ಕಚೇರಿಗೆ ನಡೆಯುವ ಟೀಚರಮ್ಮನ ಹೆಸರು ಅಲ್ಲಿ ಯಾರ ಬಾಯಲ್ಲೂ ಇಲ್ಲ. ಆಕೆಗೆ ಬಾಗಿಲು ಅಂತ ಇದ್ದದ್ದು ಇವತ್ತಿನ ಓಟು ಒಂದೇ, ಅದನ್ನು ನನ್ನ ಒಂದು ಚಿಟಿಕೆ ಅರಿಶಿನ ಮುಚ್ಚುತ್ತಿತ್ತು.

ನಾನು ಲಾರಿಯಲ್ಲಿ ಬಳಸದೆ ಉಳಿದಿದ್ದ ಒಂದು ಕಂಬ ತಂದು ಅದರ ಜೋಡಣೆ ಬಿಚ್ಚಿ ಒಳಮೈ ತೋರಿಸಿದೆ. ವರ್ಷಗಳ ಅರಿಶಿನ ಪದರ ಪದರವಾಗಿ ಕೂತಿತ್ತು. "ನೋಡಿ, ಎಲ್ಲರ ಕಾರ್ಯಕ್ಕೂ ಹಚ್ಚುತ್ತೇನೆ. ಬೇರೆಯವರದಾದರೆ ಕಾಣದ ಹಾಗೆ ಹಚ್ಚುತ್ತೇನೆ. ಇದು ಒಬ್ಬರ ಪರ ಅಲ್ಲ."

ಪಾಕ್ ಚಿಕ್ ಎದ್ದು ಬಂದು ಕೊಳವೆಯೊಳಗೆ ಬೆರಳು ಹಾಕಿ ನೋಡಿದರು. "ನನ್ನ ಮಗಳ ಮದುವೆಗೂ ಹಚ್ಚಿದ್ದೆಯಾ?"

"ಹೌದು ಪಾಕ್ ಚಿಕ್" ಅಂದೆ.

ಅವರು ಬೆರಳು ಮೂಸಿದರು. "ಅರಿಶಿನ ತಾನೆ! ನನ್ನ ಹೆಂಡತಿ ಮೀನಿಗೂ ಹಚ್ಚುತ್ತಾಳೆ. ಅದಕ್ಕೇ ಇರಬೇಕು, ಅಳಿಯ ಇನ್ನೂ ಓಡಿಹೋಗಿಲ್ಲ."

ಬಯಲೆಲ್ಲ ನಗು. ಟಯರಿನವನು ಮಾತ್ರ ಬಿಡಲಿಲ್ಲ. "ಅಲ್ಲೆಲ್ಲ ಮುಚ್ಚಿ ಹಚ್ಚಿದವನು ಇಲ್ಲಿ ಯಾಕೆ ತೆರೆದು ಹಚ್ಚಿದೆ? ಅದೂ ಇವರ ಕೈಯಿಂದ? ನಮ್ಮ ದಾತುಕ್ ಕೈಗೆ ಏನು ಹುಳು ಹಿಡಿದಿತ್ತಾ?"

ದಾತುಕ್ ಕೈಕಟ್ಟಿ ನಿಂತಿದ್ದರು. "ಬಾಸ್, ನಿನ್ನ ಮೇಲೆ ನನಗೆ ಬೇಜಾರಿಲ್ಲ. ನನ್ನ ಮನೆಯಲ್ಲೂ ನೀನೇ ಹಂದರ ಹಾಕಿದವನು. ಆದರೆ ನನ್ನ ಜನ ಕೇಳುತ್ತಿದ್ದಾರೆ. ಏನಾದರೂ ಹೇಳು."

ಏನು ಹೇಳಲಿ? ನೂರಾರು ಜನರ ಮುಂದೆ, ಈಕೆ ವಿಧವೆ ಅಂತ ಹಿಂಜರಿದರು, ಅದಕ್ಕೇ ನಾನು ಹಟ ಹಿಡಿದೆ ಅಂತ ಹೇಗೆ ಹೇಳಲಿ?

ಟೀಚರಮ್ಮನೇ ಹೇಳಿದರು. ಶಾಲೆಯಲ್ಲಿ ಹಿಂದಿನ ಬೆಂಚಿಗೂ ಕೇಳಿಸಿದ ದನಿ ಅದು. "ಅವನದು ತಪ್ಪಿಲ್ಲ. ನಾನು ಮುಟ್ಟಬಾರದು, ಬೇರೆಯವರನ್ನು ಕರಿ ಅಂದೆ. ಅವನು ಬಿಡಲಿಲ್ಲ. ನನ್ನ ಗಂಡ ಹೋದ ಮೇಲೆ ಇಂಥದ್ದಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಇವತ್ತು ಒಬ್ಬ ಕರೆದ. ಚುನಾವಣೆ ಅನ್ನುವುದು ಅವನಿಗೂ ಮರೆತಿತ್ತು, ಆ ಗಳಿಗೆಯಲ್ಲಿ ನನಗೂ ಮರೆಯಿತು. ದಾತುಕ್, ನಿಮಗೆ ಇದು ಸರಿಯಿಲ್ಲ ಅನ್ನಿಸಿದರೆ ನಾನು ಮನೆಗೆ ಹೋಗುತ್ತೇನೆ."

ಫ್ಯಾನಿನ ಪಕ್ಕದ ಕುರ್ಚಿಯಲ್ಲಿ ದಾತುಕ್ ಅವರ ತಾಯಿ ಕೂತಿದ್ದರು. ಅವರೂ ಪಕ್ಷದ ಹಳೆಯ ಸದಸ್ಯೆ, ಓಟು ಹಾಕಲು ಬಂದವರು. ಬಿಳಿ ಸೀರೆ, ಕೈಯಲ್ಲಿ ಊರುಗೋಲು.

"ಯಾರು ಕರೆದದ್ದು?" ಅಂದರು ಮುದುಕಿ.

"ನಾನು, ಪಾಟಿ" ಅಂದೆ. ಅಜ್ಜಿಗೆ ಇಲ್ಲಿ ಪಾಟಿ ಅನ್ನುತ್ತಾರೆ.

"ನನ್ನ ಮೊಮ್ಮಗಳ ಮದುವೆಗೆ ಕಂಬ ನಿಲ್ಲಿಸಿದವನೂ ನೀನೇ ಅಲ್ಲವಾ? ಅವತ್ತು ಮನೆ ಹಿರಿಯರು ಬನ್ನಿ ಅಂತ ನೀನು ಕೂಗಿದೆ. ನಾನು ಎದ್ದೆ. ಕೂತುಕೋ ಅಂದರು. ಅಡುಗೆಮನೆ ಕಿಟಕಿಯಿಂದ ನೋಡಿದೆ."

ನನಗೆ ನೆನಪಾಯಿತು. ಅವತ್ತು ಕೂಗಿದ್ದು ನಿಜ. ಯಾರೋ ನಗುನಗುತ್ತಾ ಒಬ್ಬ ಅತ್ತೆಯನ್ನು ಕರೆತಂದಿದ್ದರು, ಆಕೆ ಮುಟ್ಟಿದ್ದರು. ಕಿಟಕಿಯ ಕಡೆ ನಾನು ನೋಡಿರಲಿಲ್ಲ. ದಾತುಕ್ ಕಟ್ಟಿದ ಕೈ ಬಿಚ್ಚಿದರು. ನೆಲ ನೋಡಿದರು.

"ಆ ಬಟ್ಟಲು ಎಲ್ಲಿ?" ಅಂದರು ಮುದುಕಿ.

ನಾನು ಓಡಿಹೋಗಿ ತಂದೆ. ಮಗ ಕೈ ಚಾಚಿದರೂ ಅವರು ಹಿಡಿಯಲಿಲ್ಲ, ನನ್ನ ಹೆಗಲು ಹಿಡಿದು ಕಂಬದ ಹತ್ತಿರ ನಡೆದರು. ಬೆರಳಿನಿಂದ ಅಲ್ಲ, ಅಂಗೈ ತುಂಬ ಅರಿಶಿನ ತೆಗೆದು ಎಟಕುವಷ್ಟು ಎತ್ತರದಿಂದ ನೆಲದವರೆಗೆ ಬಳಿದರು. ಸೀರೆಗೂ ಆಯಿತು, ನನ್ನ ಅಂಗಿಗೂ ಆಯಿತು. ಆಮೇಲೆ ಮಗನನ್ನು ಕರೆದರು. "ಬಾ, ನೀನೂ ಹಚ್ಚು. ಅವಳ ಕೈಯೂ ಬಿತ್ತು, ನಮ್ಮ ಕೈಯೂ ಬಿತ್ತು. ಇನ್ನೇನು ಜಗಳ? ನನಗೆ ಬಿಸಿಲು ಏರುವುದರೊಳಗೆ ಓಟು ಹಾಕಿ ಮನೆಗೆ ಹೋಗಬೇಕು."

ದಾತುಕ್ ಬಂದು ಹಚ್ಚಿದರು. ತಾಯಿಯ ಕೈಗುರುತಿನ ಪಕ್ಕದಲ್ಲೇ ಹಚ್ಚಿದರು. ಆಮೇಲೆ ಯಾರು ಯಾರೋ ಹೆಂಗಸರು ಎದ್ದು ಬಂದರು. ಬಿಳಿ ಸೀರೆಯವರೂ ಇದ್ದರು, ಅವರೇ ಮುಂದಿದ್ದರು. ಚೀನಿ ಹುಡುಗಿ, "ನಾನೂ ಹಚ್ಚಬೇಕಾ?" ಅಂತ ಗಾಬರಿಯಿಂದ ಕೇಳಿದಳು.

"ನೀನು ಬೇಡ, ನೀನು ಅಂಪೈರು" ಅಂದರು ಟೀಚರಮ್ಮ.

"ನಾನು ಹೋಗಿ ಮೀನು ತರಲಾ?" ಅಂದರು ಪಾಕ್ ಚಿಕ್.

ಓಟು ನಡೆಯಿತು. ಮಧ್ಯಾಹ್ನ ಎಣಿಸಿದರು. ಟೀಚರಮ್ಮ ಗೆದ್ದರು, ಬಹಳ ಕಡಿಮೆ ಅಂತರದಲ್ಲಿ. ಆಕೆ ಗೆದ್ದ ಸುದ್ದಿ ಕೇಳಿದಾಗ ನಾನು ಕುರ್ಚಿ ಒಟ್ಟುತ್ತಿದ್ದೆ. ಒಟ್ಟಿದ ರಾಶಿಯನ್ನು ಮತ್ತೊಮ್ಮೆ ಒಟ್ಟಿದೆ, ಅಳುವುದು ಕಾಣಬಾರದಲ್ಲ. ಟಯರಿನವನು ಮುದುಕಿಯ ಹತ್ತಿರ ಹೋಗಿ, "ಪಾಟಿ, ನಿಜ ಹೇಳಿ, ನಿಮ್ಮ ಓಟು ಮಗನಿಗೆ ತಾನೆ?" ಅಂದ.

"ಅರಿಶಿನ ಎಲ್ಲರೆದುರು ಹಚ್ಚಿದೆ. ಓಟು ಪರದೆ ಹಿಂದೆ ಹಾಕಿದೆ. ಪರದೆ ಯಾಕೆ ಇಟ್ಟಿದ್ದಾರೆ ಹಾಗಾದರೆ?" ಅಂದರು.

ದಾತುಕ್ ಹೊರಡುವ ಮೊದಲು ನನ್ನ ಹತ್ತಿರ ಬಂದರು. ಸೋತ ಮುಖ ಸೋತ ಹಾಗೇ ಇತ್ತು, ಮುಚ್ಚಿಡಲಿಲ್ಲ. "ಚಿಕ್ಕ ಮಗಳ ಮದುವೆ ಬರುತ್ತದೆ. ನೀನೇ ಬಾ. ಹಿರಿಯರು ಬನ್ನಿ ಅಂತ ಕೂಗಬೇಡ. ನೇರ ನನ್ನ ತಾಯಿಯ ಕೋಣೆಗೆ ಹೋಗು" ಅಂದರು. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗಿರುವ ಗೌರವ ಬಿರುದಿನದಲ್ಲ.

ಎಲ್ಲ ಬಿಚ್ಚಿದ ಮೇಲೆ ಹಂದರಗಂಬವನ್ನು ಕೊನೆಗೆ ಕಿತ್ತೆ. ಅರಿಶಿನ ತೊಳೆಯಲಿಲ್ಲ.

ಈಗ ಚುನಾವಣೆ ಹತ್ತಿರ ಬಂದಿದೆ. ದೀಪದ ಕಂಬ, ಸೇತುವೆ, ಬೇಲಿ ಎಲ್ಲ ಕಡೆ ಬಾವುಟ. ಟೀಚರಮ್ಮ ಗೆಲ್ಲುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಆರಿಸುವ ಕೈ ನನ್ನದಲ್ಲ. ಅವರ ಪೋರ್ಚು ಈಗ ಪ್ರಚಾರದ ಕಚೇರಿ. ಉದ್ದ ಮೇಜು, ಚಹಾದ ಫ್ಲಾಸ್ಕು, ಬಾವುಟದ ಕಟ್ಟು, ದಿನವಿಡೀ ಜನ. ಹೋದ ವಾರ ತೊಪ್ಪಲು ಕೊಯ್ಯಲು ಹೋದವನು ನೋಡುತ್ತೇನೆ, ಕಾರು ಮತ್ತೆ ರಸ್ತೆ ಬದಿಯ ಬಿಸಿಲಲ್ಲಿ. ಆ ನೀಲಿ ಕಾರು ಹೋಗಿ ಈಗ ಚಿಕ್ಕದೊಂದು ಬೆಳ್ಳಿ ಬಣ್ಣದ್ದು ಬಂದಿದೆ. ಅವರಿಗೆ ಅದರ ಪರಿವೆಯೇ ಇಲ್ಲ, ಯಾರದ್ದೋ ಗುರುತಿನ ಚೀಟಿಯ ಗೋಳು ಕೇಳುತ್ತಾ ಕೂತಿದ್ದರು.

ಮಾರನೇ ದಿನ ಬೆಳಿಗ್ಗೆ ಲಾರಿಯಲ್ಲಿ ಒಂದು ಸಣ್ಣ ಹಂದರಕ್ಕಾಗುವಷ್ಟು ಕೊಳವೆ ತುಂಬಿಕೊಂಡು ಹೋದೆ. ಆ ಭಾನುವಾರದ ಕಂಬವೂ ಅದರಲ್ಲಿತ್ತು. ಟೀಚರಮ್ಮ ಗೇಟಿಗೆ ಬಂದು ನೋಡಿ, "ಇದೇನು ತಂಬಿ, ಇವತ್ತು ಇಲ್ಲಿ ಯಾವ ಕಾರ್ಯವೂ ಇಲ್ಲವಲ್ಲ?" ಅಂದರು.

"ಕಾರಿಗೆ" ಅಂದೆ.

ಅವರು ಕಾರು ನೋಡಿದರು, ಪೋರ್ಚು ನೋಡಿದರು, ನನ್ನನ್ನು ನೋಡಿದರು. ನಕ್ಕುಬಿಟ್ಟರು. ನಾನು ಕಂಬ ಮಲಗಿಸಿ ಬಟ್ಟಲಲ್ಲಿ ಅರಿಶಿನ ಕಲಸತೊಡಗಿದೆ. ಕರೆಯಬೇಕು ಅಂತ ತಲೆಯೆತ್ತುವುದರೊಳಗೆ ಅವರು ಚಪ್ಪಲಿ ಬಿಟ್ಟು ಬಂದು, ಬಟ್ಟಲಿಗೆ ಕೈ ಹಾಕಿಯಾಗಿತ್ತು.